ಸ್ವಿಚ್ ಹಾಕಿದ ಕೂಡ್ಲೇ ಲೈಟ್ ಉರಿತದೆ, ಸೌಟು ಬಿಸಿಯಾಗ್ಲಿಕ್ಕೆ ಯಾಕೆ ಅಷ್ಟು ಹೊತ್ತು?

ಬದಿಯಡ್ಕದವಳು

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಮೊನ್ನೆ ರಾತ್ರಿ ನಾನು ಹಲಸಿನ ಹಣ್ಣಿನ ಬೆರಟಿ ಕಾಯಿಸ್ತಾ ಇದ್ದೆ, ಅದು ಗೊತ್ತಲ್ಲ, ಕೈ ಬಿಡ್ಲಿಕ್ಕೆ ಇಲ್ಲ, ತಿರುವಿದ್ದೇ ತಿರುವಿದ್ದು. ಸ್ಟೀಲಿನ ಸೌಟಲ್ಲಿ ಮುಕ್ಕಾಲು ಗಂಟೆ ತಿರುವಿದೆ, ಹಿಡಿ ತಣ್ಣಗೇ ಇತ್ತು. ಆಮೇಲೆ ಅತ್ತೆ ಬಂದು ಇದರಲ್ಲಿ ಅಡಿ ಸರಿ ಕೆರೆಯುದಿಲ್ಲ ಅಂತ ಅವರ ಹಳೇ ಹಿತ್ತಾಳೆ ಸೌಟು ಕೊಟ್ರು, ಅದು ಹತ್ತು ನಿಮಿಷ ಆಗುವುದರೊಳಗೆ ಹಿಡಿಯುವ ಜಾಗದಲ್ಲಿ ಚುರ್ರ್ ಅಂತ ಸುಟ್ಟಿತು, ಬಟ್ಟೆ ಸುತ್ತಿಯೇ ತಿರುವಬೇಕಾಯ್ತು.

ಮಗಳು ಅಲ್ಲೇ ಕೂತು ಓದ್ತಾ ಇದ್ದವಳು ಕೇಳಿದ್ಲು: ಅಮ್ಮಾ, ಪುಸ್ತಕದಲ್ಲಿ ಲೋಹದೊಳಗೆ ಸ್ವತಂತ್ರ ಇಲೆಕ್ಟ್ರಾನ್ ಉಂಟು, ಅದರಿಂದಾಗಿ ಕರೆಂಟೂ ಹೋಗ್ತದೆ ಬಿಸಿಯೂ ಹೋಗ್ತದೆ ಅಂತ ಬರೆದಿದ್ದಾರೆ. ಎರಡು ಕೆಲಸ ಮಾಡುದೂ ಅದೇ ಇಲೆಕ್ಟ್ರಾನ್ ಆದ್ರೆ, ಸ್ವಿಚ್ ಹಾಕಿದ ಕೂಡ್ಲೇ ತೋಟದ ಆಚೆ ಬದಿಯ ಲೈಟ್ ಉರಿತದಲ್ಲ, ಒಂದು ಗೇಣು ಉದ್ದದ ಸೌಟು ಬಿಸಿಯಾಗ್ಲಿಕ್ಕೆ ಮಾತ್ರ ಹತ್ತು ನಿಮಿಷ ಯಾಕೆ? ಮತ್ತೆ ಸ್ಟೀಲೂ ಲೋಹವೇ ಅಲ್ವಾ, ಅದು ಯಾಕೆ ಅಷ್ಟು ಉದಾಸೀನ?

ನಾನು ಕಾಮರ್ಸ್ ಓದಿದವಳು, ನನಗೆ ಉತ್ತರ ಗೊತ್ತಿಲ್ಲ. ಆದ್ರೆ ಪ್ರಶ್ನೆ ಒಳ್ಳೇದುಂಟು ಅಂತ ಅನಿಸ್ತು. ಟ್ಯೂಷನ್‌ನಲ್ಲಿ ಕೇಳಿದ್ದಕ್ಕೆ ಪರೀಕ್ಷೆಗೆ ಬರುದಿಲ್ಲ ಬಿಡು ಅಂತ ಹೇಳಿದ್ರಂತೆ, ಅವಳ ಮುಖ ಸಣ್ಣ ಆಗಿತ್ತು. ಗೊತ್ತಿದ್ದವರು ಅವಳಿಗೆ ಅರ್ಥ ಆಗುವ ಹಾಗೆ ಹೇಳಿ ಪ್ಲೀಸ್.

ಅಡೂರು_ಹುಡುಗ

ಅಕ್ಕಾ, ನಾನು ಪ್ಲಸ್ ಟೂ ಸಯನ್ಸ್. ನನಗೆ ಗೊತ್ತಿದ್ದ ಹಾಗೆ ಕರೆಂಟಲ್ಲಿ ಇಲೆಕ್ಟ್ರಾನ್ ಬೆಳಕಿನ ಸ್ಪೀಡಲ್ಲಿ ಓಡ್ತದೆ, ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್, ಹಾಗಾಗಿ ಲೈಟ್ ಕೂಡ್ಲೇ ಉರಿತದೆ. ಬಿಸಿ ಹೋಗುದು ಅಣುಗಳು ಒಂದಕ್ಕೊಂದು ದೂಡಿ ದೂಡಿ, ಅದಕ್ಕೆ ಸ್ಲೋ. ಅಷ್ಟೇ ಇರ್ಬೇಕು.

ಕುಂಬಳೆ_ಮಾಷ್ಟ್ರು

ಮೊದಲು ಆ ಮಗುವಿಗೆ ನನ್ನ ಶಹಭಾಸ್ ಹೇಳಿ. ಮೂವತ್ತೊಂದು ವರ್ಷ ಫಿಸಿಕ್ಸ್ ಕಲಿಸಿದ್ದೇನೆ, "ಅದೇ ಇಲೆಕ್ಟ್ರಾನ್ ಆದ್ರೆ ಯಾಕೆ" ಅಂತ ಈ ಎರಡನ್ನು ಒಟ್ಟಿಗೆ ಇಟ್ಟು ಕೇಳಿದ ಮಕ್ಕಳು ಬಹಳ ಕಡಿಮೆ. ಪರೀಕ್ಷೆಗೆ ಬರುದಿಲ್ಲ ಅಂತ ಬಿಡುವ ಪ್ರಶ್ನೆ ಇದು ಖಂಡಿತ ಅಲ್ಲ.

ಅಡೂರಿನ ಹುಡುಗ ಹೇಳಿದ್ದರಲ್ಲಿ ಒಂದು ತಪ್ಪುಂಟು, ಎಲ್ಲರೂ ಮಾಡುವ ತಪ್ಪು. ಇಲೆಕ್ಟ್ರಾನ್ ವೈರೊಳಗೆ ಬೆಳಕಿನ ವೇಗದಲ್ಲಿ ಓಡುದಿಲ್ಲ. ಕರೆಂಟಿನ ದಿಕ್ಕಿಗೆ ಅದು ಸರಿಯುವ ವೇಗ ನೋಡಿದ್ರೆ ಆಶ್ಚರ್ಯ ಆಗ್ತದೆ. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರಲ್ಲಿ 1 ಆಂಪಿಯರ್ ಕರೆಂಟು ಹೋದ್ರೆ ಇಲೆಕ್ಟ್ರಾನ್‌ಗಳು ಸೆಕೆಂಡಿಗೆ ಸರಾಸರಿ ಸರಿಯುದು 0.07 ಮಿಲಿಮೀಟರ್ ಮಾತ್ರ. ಒಂದು ಮೀಟರ್ ದಾಟ್ಲಿಕ್ಕೆ ಮೂರೂಮುಕ್ಕಾಲು ಗಂಟೆ ಬೇಕು! ಬಸವನಹುಳ ಅದಕ್ಕಿಂತ ಎಷ್ಟೋ ಬೇಗ ಹೋಗ್ತದೆ. ಮನೆಯ ಲೈನಲ್ಲಂತೂ ಎಸಿ, ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡ್ತದೆ, ಹಾಗಾಗಿ ಇಲೆಕ್ಟ್ರಾನ್ ಇದ್ದಲ್ಲೇ ಅಲ್ಲಾಡ್ತಾ ಇರ್ತದೆ ಬಿಟ್ರೆ ಸ್ವಿಚ್ಚಿಂದ ಹೊರಟು ಬಲ್ಬಿಗೆ ತಲುಪುದೇ ಇಲ್ಲ.

ಮತ್ತೆ ಲೈಟ್ ಕೂಡ್ಲೇ ಉರಿಯುದು ಹೇಗೆ? ನಿಮ್ಮ ಕಡೆ ಸುರಂಗದ ನೀರು ಉಂಟಲ್ಲ, ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗದಿಂದ ಅಂಗಳದ ಟಾಂಕಿಗೆ ಪೈಪು ಎಳೆದಿರ್ತಾರೆ. ಪೈಪು ಖಾಲಿ ಇದ್ರೆ ಮೇಲೆ ಬಿಟ್ಟ ನೀರು ಕೆಳಗೆ ಬರ್ಲಿಕ್ಕೆ ಹೊತ್ತು ಬೇಕು. ಪೈಪು ಮೊದಲೇ ತುಂಬಿದ್ರೆ ಕೆಳಗೆ ವಾಲ್ವ್ ತಿರುಗಿಸಿದ ಕೂಡ್ಲೇ ನೀರು ಬೀಳ್ತದೆ, ಅದು ಸುರಂಗದಿಂದ ಈಗ ತಾನೇ ಹೊರಟ ನೀರಲ್ಲ, ವಾಲ್ವಿನ ಹತ್ರವೇ ನಿಂತಿದ್ದ ನೀರು. ವೈರು ಯಾವಾಗಲೂ ತುಂಬಿದ ಪೈಪು. ಒಂದು ಘನ ಸೆಂಟಿಮೀಟರ್ ತಾಮ್ರದೊಳಗೆ ಸುಮಾರು 85ರ ಮುಂದೆ 21 ಸೊನ್ನೆಯಷ್ಟು ಸ್ವತಂತ್ರ ಇಲೆಕ್ಟ್ರಾನ್ ಇರ್ತದೆ, ಪರಮಾಣುವಿಗೆ ಒಂದರ ಲೆಕ್ಕ. ಸ್ವಿಚ್ ಹಾಕಿದಾಗ ಹರಡುದು "ಸರಿಯಿರಿ" ಅನ್ನುವ ದೂಡುವಿಕೆ, ಅಂದ್ರೆ ವಿದ್ಯುತ್ ಕ್ಷೇತ್ರ. ಬೆಳಕಿನ ವೇಗಕ್ಕೆ ಹತ್ತಿರ ಹೋಗುದು ಅದು. ವೈರಿನ ಉದ್ದಕ್ಕೂ ಇದ್ದ ಇಲೆಕ್ಟ್ರಾನ್‌ಗಳೆಲ್ಲ ಒಟ್ಟಿಗೆ ಸರಿಯಲು ಶುರು ಮಾಡ್ತವೆ, ಬಲ್ಬಿನೊಳಗಿನದ್ದೂ ಸೇರಿ.

ಈಗ ಸೌಟು. ಬಿಸಿಗೆ ಹಾಗೆ ದೂರದಿಂದಲೇ ಎಲ್ಲರನ್ನೂ ಒಟ್ಟಿಗೆ ದೂಡುವವರು ಯಾರೂ ಇಲ್ಲ. ಬೆರಟಿಯೊಳಗೆ ಮುಳುಗಿದ ತುದಿಯಲ್ಲಿ ಇಲೆಕ್ಟ್ರಾನಿಗೆ ಸ್ವಲ್ಪ ಹೆಚ್ಚು ಶಕ್ತಿ ಸಿಗ್ತದೆ, ಅದು ಓಡಿಹೋಗಿ ತಣ್ಣಗಿನ ಜಾಗಕ್ಕೆ ತಲುಪಿಸಬೇಕು. ಓಡುವ ವೇಗವೇನೂ ಕಡಿಮೆ ಅಲ್ಲ, ಮೇಲೆ ಹೇಳಿದ 0.07 ಮಿಲಿಮೀಟರ್ ಎಲ್ಲ ಸೇರಿ ಒಂದು ದಿಕ್ಕಿಗೆ ಸರಿಯುವ ಸರಾಸರಿ ಮಾತ್ರ. ಒಂದೊಂದು ಇಲೆಕ್ಟ್ರಾನ್ ತಾಮ್ರದೊಳಗೆ ಅತ್ತ ಇತ್ತ ಹಾರಾಡುದು ಸೆಕೆಂಡಿಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ. ಆದ್ರೆ ಎಲ್ಲಿಗೆ ಅಂತ ಗೊತ್ತಿಲ್ಲ. ಸುಮಾರು 40 ನ್ಯಾನೋಮೀಟರ್ ಹೋಗುವಷ್ಟರಲ್ಲಿ ಎಲ್ಲಿಗಾದ್ರೂ ಬಡಿದು ದಿಕ್ಕು ತಪ್ಪುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿ ನಾಲ್ಕು ಸುತ್ತು ತಿರುಗಿಸಿ ಬಿಟ್ಟ ಮಗು ಅಂಗಳ ದಾಟಬೇಕು, ಹಾಗೆ. ಎಷ್ಟು ಜೋರು ಓಡಿದ್ರೂ ಹೆಚ್ಚಿನ ಓಟ ವ್ಯರ್ಥ. ಇಂಥ ಅಲೆದಾಟಕ್ಕೆ ಒಂದು ಗುಣ ಉಂಟು, ದೂರ ಎರಡು ಪಟ್ಟಾದ್ರೆ ಹೊತ್ತು ನಾಲ್ಕು ಪಟ್ಟು, ದೂರ ಮೂರು ಪಟ್ಟಾದ್ರೆ ಹೊತ್ತು ಒಂಬತ್ತು ಪಟ್ಟು. ಮತ್ತೊಂದು, ಶಕ್ತಿಯನ್ನು ಹೊರುದು ಇಲೆಕ್ಟ್ರಾನ್ ಆದ್ರೂ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುದು ಹೆಚ್ಚುಕಡಿಮೆ ಪೂರ್ತಿ ಪರಮಾಣುಗಳೇ. ದಾರಿಯಲ್ಲಿ ಸಿಕ್ಕಿದ ಪರಮಾಣುಗಳನ್ನೆಲ್ಲ ಬಿಸಿ ಮಾಡಿಕೊಂಡೇ ಮುಂದೆ ಹೋಗಬೇಕು.

ಅಂದ್ರೆ ಕೂಲಿಯವರು ಅವರೇ, ಕೆಲಸ ಬೇರೆ. ಕರೆಂಟಿಗೆ ಎಲ್ಲರೂ ನಿಂತಲ್ಲೇ ಒಂದು ಹೆಜ್ಜೆ ಸರಿದ್ರೆ ಸಾಕು, ಬಿಸಿಗೆ ಹೊರೆ ಹೊತ್ತು ಆಚೆ ತುದಿ ಮುಟ್ಟಿಸಬೇಕು.

ಬದಿಯಡ್ಕದವಳು

ಮಾಷ್ಟ್ರೇ, ತುಂಬ ತುಂಬ ಉಪಕಾರ ಆಯ್ತು. ಅವಳಿಗೆ ಎರಡು ಸಲ ಓದಿ ಹೇಳಿದೆ, ಸುರಂಗದ ಪೈಪಿನ ವಿಷಯ ಕೇಳಿದ ಕೂಡ್ಲೇ ಓಹೋ ಅಂತ ಎದ್ದು ಕೂತ್ಲು, ನಮ್ಮಲ್ಲೂ ಅಜ್ಜನ ಕಾಲದ ಸುರಂಗದ ನೀರೇ. ಸ್ಟೀಲಿನ ವಿಷಯ ಒಂದು ಬಾಕಿ ಉಂಟಂತೆ.

ಪೆರ್ಲ_ಅಡಿಗೆ

ನಾನು ಅನುಪತ್ಯಗಳಿಗೆ, ಅಂದ್ರೆ ಮದುವೆ ಮುಂಜಿಯಂಥ ಸಮಾರಂಭಗಳಿಗೆ, ಅಡಿಗೆಗೆ ಹೋಗುವವ, ಓದಿದ್ದು ಕಡಿಮೆ, ಪಾತ್ರೆಗಳ ಸ್ವಭಾವ ಗೊತ್ತುಂಟು. ಸ್ಟೀಲು ಉರಿ ತಾಗಿದ ಜಾಗದಲ್ಲಿ ಮಾತ್ರ ಕಾಯುದು, ಅದರ ಸುತ್ತ ತಣ್ಣಗೆ, ಹಾಗಾಗಿ ಪಾಯಸ ಇಟ್ರೆ ಒಲೆಯ ಉರಿಯ ಆಕಾರದಲ್ಲೇ ಅಡಿ ಹಿಡಿತದೆ, ತೊಳೆಯುವಾಗ ನೋಡಿ, ಉಂಗುರದ ಹಾಗೆ ಕಪ್ಪು. ಕಂಚಿನ ಉರುಳಿಯಲ್ಲಿ ಹಾಗಾಗುದಿಲ್ಲ, ಬೆರಟಿಗೆ ಅದೇ ಆಗ್ಬೇಕು. ಕಂಚಲ್ಲಿ ತಾಮ್ರ ಉಂಟಲ್ಲ, ತಾಮ್ರದ ಗುಣ ಅದಕ್ಕೆ ಬಂದದ್ದು ಅಂತ ನಮ್ಮ ಗುರುಗಳು ಹೇಳ್ತಿದ್ರು. ಸರಿಯಾ ಮಾಷ್ಟ್ರೇ?

ಕುಂಬಳೆ_ಮಾಷ್ಟ್ರು

ಭಟ್ರೇ, ನೀವು ಕಂಡದ್ದು ನೂರಕ್ಕೆ ನೂರು ಸರಿ, ಕಾರಣ ಮಾತ್ರ ಬೇರೆ. ಅದರಲ್ಲೇ ಸ್ಟೀಲಿನ ಉತ್ತರವೂ ಉಂಟು.

ನಾವು ಮಿಶ್ರಣ ಅಂದ್ರೆ ಕಾಫಿಗೆ ಹಾಲು ಹಾಕಿದ ಹಾಗೆ, ಗುಣ ಎರಡರ ನಡುವೆ ಎಲ್ಲೋ ಬರ್ತದೆ ಅಂತ ಎಣಿಸ್ತೇವೆ. ಲೋಹದ ವಹನದಲ್ಲಿ ಹಾಗಲ್ಲ. ಸ್ಟೇನ್‌ಲೆಸ್ ಸ್ಟೀಲ್ ನೋಡಿ. ಪಾತ್ರೆಯ ಒಳ್ಳೆ ಸ್ಟೀಲಿನಲ್ಲಿ ಕಬ್ಬಿಣ, ಅದಕ್ಕೆ ನೂರಕ್ಕೆ 18 ಕ್ರೋಮಿಯಂ, 8 ನಿಕಲ್. ಉಷ್ಣ ವಹಿಸುವ ಅಳತೆಯಲ್ಲಿ (ಮೀಟರಿಗೆ, ಡಿಗ್ರಿಗೆ ಇಷ್ಟು ವಾಟ್ ಅಂತ ಲೆಕ್ಕ) ಶುದ್ಧ ಕಬ್ಬಿಣ 80, ಕ್ರೋಮಿಯಂ 90ರ ಮೇಲೆ, ನಿಕಲ್ 90. ಮೂರೂ ಎಂಬತ್ತರ ಮೇಲಿನವರು. ಸೇರಿಸಿ ಕರಗಿಸಿದ್ರೆ ಬರುದು ಎಷ್ಟು? 15! ನಾನು ಕ್ಲಾಸಲ್ಲಿ ಈ ಸಂಖ್ಯೆ ಬೋರ್ಡಿಗೆ ಬರೆದು ಸ್ವಲ್ಪ ಹೊತ್ತು ಸುಮ್ಮನೆ ನಿಲ್ತಿದ್ದೆ, ಮಕ್ಕಳೇ ಕೇಳಲಿ ಅಂತ.

ಯಾಕೆ ಅಂದ್ರೆ, ಇಲೆಕ್ಟ್ರಾನಿಗೆ ಅಡ್ಡ ಬರುದು ಪರಮಾಣು ಅಲ್ಲ, ಪರಮಾಣುಗಳ ಸಾಲು ತಪ್ಪುದು. ಅಡಿಕೆ ತೋಟದಲ್ಲಿ ಸಾಲು ನೇರ ಇದ್ರೆ ಎಷ್ಟು ದೂರ ಬೇಕಾದ್ರೂ ಕಣ್ಣು ಹಾಯ್ತದೆ, ಮರ ಸಾವಿರ ಇದ್ರೂ ಓಡಾಡ್ಲಿಕ್ಕೆ ತೊಂದರೆ ಇಲ್ಲ. ನಡುನಡುವೆ ಹಲಸಿನ ಮರ, ಗೇರು ಮರ ಸಿಕ್ಕಾಬಟ್ಟೆ ನೆಟ್ಟಿದ್ರೆ ಹತ್ತು ಹೆಜ್ಜೆಗೆ ಒಂದು ಬಡಿಯುದು. ಸ್ಟೇನ್‌ಲೆಸ್ ಸ್ಟೀಲು ಅಂಥ ತೋಟ. ಬಿಸಿಗೂ ದಾರಿ ಸಿಗುದಿಲ್ಲ ಕರೆಂಟಿಗೂ ಸಿಗುದಿಲ್ಲ. ಶುದ್ಧ ತಾಮ್ರದಲ್ಲೂ ತಡೆ ಉಂಟಲ್ಲ ಅಂತ ಕೇಳಿದ್ರೆ, ಪರಮಾಣುಗಳು ಬಿಸಿಗೆ ನಡುಗ್ತಾ ಇರ್ತವೆ, ಆ ನಡುಕವೂ ಸಾಲು ತಪ್ಪಿದ ಹಾಗೆಯೇ.

ಈಗ ಕಂಚು. ಅದು ತಾಮ್ರಕ್ಕೆ ತವರ ಸೇರಿಸಿದ್ದು. ತವರದ ಪರಮಾಣು ತಾಮ್ರದ್ದಕ್ಕಿಂತ ದೊಡ್ಡದು, ಸಾಲು ಚೆನ್ನಾಗಿಯೇ ಕೆಡಿಸ್ತದೆ. ಹಾಗಾಗಿ ಕಂಚು ತಾಮ್ರಕ್ಕಿಂತ ಎಷ್ಟೋ ಕೆಳಗೆ, ಸ್ಟೀಲಿಗಿಂತ ಮೇಲೆ. ಉರುಳಿಯಲ್ಲಿ ಅಡಿ ಹಿಡಿಯದೇ ಇರುದಕ್ಕೆ ಅದರ ದಪ್ಪ ದೊಡ್ಡ ಕಾರಣ. ತಳ ದಪ್ಪ ಇದ್ರೆ ಬಿಸಿಗೆ ಬದಿಗೆ ಹರಡ್ಲಿಕ್ಕೆ ಅಗಲದ ದಾರಿ ಸಿಗ್ತದೆ, ಮತ್ತೆ ಆ ಭಾರದ ಲೋಹ ತುಂಬ ಬಿಸಿ ಹಿಡಿದಿಟ್ಟುಕೊಳ್ಳುದರಿಂದ ಉರಿ ಏರಿಳಿದ್ರೂ ಪಾಯಸಕ್ಕೆ ಗೊತ್ತಾಗುದಿಲ್ಲ. ಅದೇ ಕಂಚನ್ನು ಸ್ಟೀಲಿನಷ್ಟು ತೆಳು ತಗಡು ಮಾಡಿದ್ರೆ ನಿಮ್ಮ ಗುರುಗಳೂ ಮೆಚ್ಚುತ್ತಿರಲಿಲ್ಲ. ಸ್ಟೀಲ್ ಪಾತ್ರೆಯ ತಳಕ್ಕೆ ತಾಮ್ರ ಹಾಕುದೂ ಬದಿಗೆ ಹರಡ್ಲಿ ಅಂತಲೇ.

ಪೆರ್ಲ_ಅಡಿಗೆ

ಹೌದು ಮಾಷ್ಟ್ರೇ, ಈಗ ಬರುವ ತೆಳು ಉರುಳಿಯಲ್ಲಿ ಅಡಿ ಹಿಡಿತದೆ, ಹಳೇದರಲ್ಲಿ ಇಲ್ಲ. ಎತ್ತಿ ನೋಡಿದಾಗಲೇ ಗೊತ್ತಾಗ್ತದೆ.

ಪೆರಿಯದಲ್ಲಿ_ಓದುವವಳು

ನಾನು ಎಂಎಸ್ಸಿ ಫಿಸಿಕ್ಸ್ ಮಾಡ್ತಾ ಇದ್ದೇನೆ, ಊರು ಮುಳ್ಳೇರಿಯಾ. ಮಾಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೇನೆ, ನನಗೆ ತುಂಬ ಇಷ್ಟದ ವಿಷಯ ಇದು. ಮಗಳ ಪುಸ್ತಕದಲ್ಲಿ ಒಂದೇ ವಾಕ್ಯದಲ್ಲಿ ಮುಗಿಸಿದ "ಎರಡೂ ಅದೇ ಇಲೆಕ್ಟ್ರಾನಿಂದ" ಅನ್ನುದು ಗೊತ್ತಾದ ಕಥೆ ಚಂದ ಉಂಟು.

ತಾಮ್ರಕ್ಕೆ ಎರಡು ಪರೀಕ್ಷೆಯಲ್ಲೂ 100 ಮಾರ್ಕ್ ಕೊಡಿ, ಒಂದು ಕರೆಂಟಿನ ಪೇಪರ್, ಇನ್ನೊಂದು ಬಿಸಿಯ ಪೇಪರ್. ಆಗ ಬೆಳ್ಳಿಗೆ ಕರೆಂಟಲ್ಲಿ 106 ಬಿಸಿಯಲ್ಲಿ 107, ಚಿನ್ನಕ್ಕೆ 70 ಮತ್ತು 79, ಅಲ್ಯುಮಿನಿಯಂಗೆ 63 ಮತ್ತು 59, ಹಿತ್ತಾಳೆಗೆ ಎರಡರಲ್ಲೂ 28ರ ಆಸುಪಾಸು, ಕಬ್ಬಿಣಕ್ಕೆ 17 ಮತ್ತು 20, ಸ್ಟೇನ್‌ಲೆಸ್ ಸ್ಟೀಲಿಗೆ ಎರಡೂವರೆ ಮತ್ತು ನಾಲ್ಕು. ನೋಡಿ, ರ‍್ಯಾಂಕ್ ಬದಲಾಗುದೇ ಇಲ್ಲ! ಒಂದು ಪೇಪರಲ್ಲಿ ಹಿಂದೆ ಇದ್ದವ ಇನ್ನೊಂದರಲ್ಲೂ ಅಷ್ಟೇ ಹಿಂದೆ. ಇದನ್ನು ಜರ್ಮನಿಯ ವೀಡೆಮಾನ್ ಮತ್ತು ಫ್ರಾಂಝ್ ಅಂತ ಇಬ್ಬರು ಕಂಡುಹಿಡಿದದ್ದು 1853ರಲ್ಲಿ. ಇಲೆಕ್ಟ್ರಾನ್ ಉಂಟು ಅಂತ ಜೆ.ಜೆ. ಥಾಮ್ಸನ್ ತೋರಿಸಿದ್ದು 1897ರಲ್ಲಿ. 44 ವರ್ಷ ಆ ಎರಡು ಪೇಪರಿನ ಮಾರ್ಕು ಯಾಕೆ ಒಂದೇ ಅಂತ ಯಾರಿಗೂ ಕಾರಣ ಗೊತ್ತಿರಲಿಲ್ಲ. 1872ರಲ್ಲಿ ಡೆನ್ಮಾರ್ಕಿನ ಲೊರೆಂಝ್ ಲೋಹ ಬಿಸಿಯಾದ ಹಾಗೆ ಆ ಎರಡು ವಹನದ ಅನುಪಾತವೂ (ಬಿಸಿಯದ್ದನ್ನು ಕರೆಂಟಿನದ್ದರಿಂದ ಭಾಗಿಸಿದ್ದು) ಹೆಚ್ಚಾಗುದನ್ನು ಸೇರಿಸಿದ್ರು.

ಆಮೇಲೆ 1900ರಲ್ಲಿ ಡ್ರೂಡ ಅನ್ನುವವರು ಲೋಹದೊಳಗೆ ಇಲೆಕ್ಟ್ರಾನ್‌ಗಳು ಗ್ಯಾಸಿನ ಹಾಗೆ ಹಾರಾಡ್ತಾ ಇರ್ತವೆ ಅಂತ ಎಣಿಸಿ ಲೆಕ್ಕ ಹಾಕಿದ್ರು, ಆ ಅನುಪಾತ ಹೆಚ್ಚುಕಡಿಮೆ ಸರಿಯಾಗಿಯೇ ಬಂತು. ಆದ್ರೆ ಅದು ಎರಡು ದೊಡ್ಡ ತಪ್ಪು ಒಂದಕ್ಕೊಂದು ಹೊಡೆದು ಹೋಗಿ ಬಂದ ಸರಿ ಉತ್ತರ: ಇಲೆಕ್ಟ್ರಾನ್ ಬಿಸಿ ಹಿಡಿದಿಟ್ಟುಕೊಳ್ಳುದನ್ನು ಸುಮಾರು ನೂರು ಪಟ್ಟು ಜಾಸ್ತಿ ಎಣಿಸಿದ್ರು, ಅದರ ವೇಗದ ವರ್ಗವನ್ನು ಸುಮಾರು ನೂರು ಪಟ್ಟು ಕಡಿಮೆ. 1927ರ ಹೊತ್ತಿಗೆ ಸೊಮ್ಮರ್‌ಫೆಲ್ಡ್ ಕ್ವಾಂಟಂ ಲೆಕ್ಕದಲ್ಲಿ ಮಾಡಿದಾಗ ಎರಡೂ ಸರಿಯಾಯ್ತು. ಇಲೆಕ್ಟ್ರಾನ್ ಒಂದು ಅಲೆಯ ಹಾಗೆ ಹೋಗುದು, ಸಾಲು ನೇರ ಇದ್ರೆ ಅದಕ್ಕೆ ಪರಮಾಣು ತೊಂದರೆಯೇ ಅಲ್ಲ. ಮಾಷ್ಟ್ರು ಹೇಳಿದ 40 ನ್ಯಾನೋಮೀಟರ್ ಅಂದ್ರೆ ಸುಮಾರು 150 ಪರಮಾಣು ದಾಟಿದ ಹಾಗೆ, ಒಂದೂ ಬಡಿಯದೆ!

ಸ್ಟೀಲಿನ ಮಾರ್ಕಲ್ಲಿ ಒಂದು ಸೂಕ್ಷ್ಮ ಉಂಟು, ತಂಗಿಗೆ ಹೇಳಿ. ಕರೆಂಟಲ್ಲಿ ಎರಡೂವರೆ, ಬಿಸಿಯಲ್ಲಿ ನಾಲ್ಕು. ಈ ಹೆಚ್ಚಿನ ಒಂದೂವರೆ ಇಲೆಕ್ಟ್ರಾನ್ ತಂದದ್ದಲ್ಲ, ಪರಮಾಣುಗಳು ಕೈ ಕೈ ಹಿಡಿದು ನಡುಗಿ ದಾಟಿಸಿದ್ದು. ತಾಮ್ರದಲ್ಲೂ ಆ ದಾರಿ ಉಂಟು, ಇಲೆಕ್ಟ್ರಾನಿನ ಎದುರು ಅದು ಕಾಣುದೇ ಇಲ್ಲ. ಅದೇ ದಾರಿ ಒಂದರಲ್ಲೇ ಲೋಹಗಳನ್ನೆಲ್ಲ ಸೋಲಿಸುದು ವಜ್ರ. ಅದರಲ್ಲಿ ಸ್ವತಂತ್ರ ಇಲೆಕ್ಟ್ರಾನೇ ಇಲ್ಲ, ಕರೆಂಟು ಹೋಗುದಿಲ್ಲ, ಆದ್ರೆ ಬಿಸಿ ತಾಮ್ರದ ಐದು ಪಟ್ಟು ಹೋಗ್ತದೆ, ಪರಮಾಣುಗಳು ಹಗುರ, ಹಿಡಿತ ಗಟ್ಟಿ, ಸಾಲು ನೇರ. ಹಾಗಾಗಿ ಅಡೂರಿನ ತಮ್ಮ ಹೇಳಿದ "ಅಣುಗಳು ದೂಡಿ ದೂಡಿ" ಸುಳ್ಳಲ್ಲ, ಲೋಹದಲ್ಲಿ ಅದು ಸಣ್ಣ ಪಾಲು ಅಷ್ಟೇ.

ಅಡೂರು_ಹುಡುಗ

ಥ್ಯಾಂಕ್ಸ್ ಅಕ್ಕ. 0.07 ಮಿಲಿಮೀಟರ್ ಲೆಕ್ಕ ನಾನೇ ಕೂತು ಮಾಡಿ ನೋಡಿದೆ, ಸರಿ ಬಂತು. ಇಷ್ಟು ದಿನ ತಪ್ಪು ನಂಬಿದ್ದೆ.

ಉಪ್ಪಳ_ವೈರಿಂಗ್

ಇದನ್ನೆಲ್ಲ ಓದುವಾಗ ಖುಷಿ ಆಗ್ತದೆ, ಇಪ್ಪತ್ತೆರಡು ವರ್ಷದಿಂದ ಇದರದ್ದೇ ಕೆಲಸ, ವೈರಿಂಗು ಪಂಪ್‌ಸೆಟ್ಟು. ಕೆಲಸದ ಕಡೆಯಿಂದ ಕೆಲವು ಹೇಳ್ತೇನೆ ಯಾಕಂದ್ರೆ ಇದು ಗೊತ್ತಿಲ್ಲದೆ ಜನ ಮೋಟ್ರು ಸುಟ್ಟುಕೊಳ್ತಾರೆ.

ಅಲ್ಯುಮಿನಿಯಂ 63 ಮಾರ್ಕ್ ಅಂದ್ರು ಅಲ್ಲ ಅಕ್ಕ, ಹಾಗಾದ್ರೆ ಕಂಬದ ಲೈನೆಲ್ಲ ಅಲ್ಯುಮಿನಿಯಂ ಯಾಕೆ ಅಂದ್ರೆ ತೂಕ. ತಾಮ್ರದ ತೂಕದ ಮೂರನೇ ಒಂದು ಪಾಲು ಕೂಡ ಇಲ್ಲ, ಸ್ವಲ್ಪ ದಪ್ಪ ಮಾಡಿದ್ರೆ ಅಷ್ಟೇ ಕರೆಂಟು ಅರ್ಧ ತೂಕದಲ್ಲಿ ಹೋಗ್ತದೆ, ರೇಟೂ ಕಡಿಮೆ. ಎಳೆತಕ್ಕೆ ಗಟ್ಟಿ ಸಾಲದು ಅಂತ ದೊಡ್ಡ ಲೈನಿಗೆ ನಡುವೆ ಉಕ್ಕಿನ ಎಳೆ ಹಾಕ್ತಾರೆ. ಆದ್ರೆ ತೋಟಕ್ಕೆ ಎಳೆಯುವಾಗ ಲೆಕ್ಕ ಬೇಕು. ಮನೆಯಿಂದ ಕೆರೆಗೆ 200 ಮೀಟರ್ ಉಂಟು ಅಂತ ಇಟ್ಟುಕೊಳ್ಳಿ, ಹೋಗಿ ಬರ್ಲಿಕ್ಕೆ 400 ಮೀಟರ್ ವೈರು. ಎರಡೂವರೆ ಸ್ಕ್ವಯರ್ (ಚದರ ಮಿಲಿಮೀಟರ್) ತಾಮ್ರ ಹಾಕಿದ್ರೆ ಎರಡೂಮುಕ್ಕಾಲು ಓಮ್, ಮೋಟ್ರು 8 ಆಂಪಿಯರ್ ಎಳೆದ್ರೆ ದಾರಿಯಲ್ಲೇ 22 ವೋಲ್ಟ್ ಹೋಯ್ತು. ಅದೇ ದಪ್ಪದ ಅಲ್ಯುಮಿನಿಯಂ ಆದ್ರೆ 36 ವೋಲ್ಟ್, ಇಲ್ಲಿ 230 ಇದ್ರೂ ಅಲ್ಲಿ 194. ಇನ್ನು ಬೇಸಗೆಲಿ ಸಂಜೆ ಇಲ್ಲೇ 190 ಬರುವಾಗ ಅಲ್ಲಿ ಮೋಟ್ರು ಗೊಂಯ್ಯ್ ಅಂತ ಕೂಗಿ ನಿಲ್ತದೆ, ನಿಂತಲ್ಲೇ ಕರೆಂಟು ಎಳೆದು ವೈಂಡಿಂಗ್ ಸುಡ್ತದೆ. ಜನ ಮೋಟ್ರಿಗೆ ಬೈತಾರೆ, ತಪ್ಪು ವೈರಿಂದು. ಮತ್ತೆ ವೈರ್ ಬಿಸಿಯಾದ ಹಾಗೆ ತಡೆ ಜಾಸ್ತಿ ಆಗ್ತದೆ, ತಾಮ್ರದಲ್ಲಿ ಡಿಗ್ರಿಗೆ ನೂರಕ್ಕೆ 0.39, ಅಂದ್ರೆ 25 ಡಿಗ್ರಿಯದ್ದು 65ಕ್ಕೆ ಹೋದ್ರೆ ನೂರಕ್ಕೆ ಹದಿನೈದು ಹದಿನಾರು ಹೆಚ್ಚು, ಮಾಷ್ಟ್ರು ಹೇಳಿದ ನಡುಕ ಅದೇ ಅಂತ ಈಗ ಗೊತ್ತಾಯ್ತು.

ಇದಕ್ಕಿಂತ ದೊಡ್ಡ ಕಿರಿಕಿರಿ ಜಾಯಿಂಟು. ತಾಮ್ರದ ವೈರನ್ನು ಅಲ್ಯುಮಿನಿಯಂ ವೈರಿಗೆ ಕೈಯಲ್ಲಿ ತಿರುಪಿ ಟೇಪ್ ಸುತ್ತುದು, ನಮ್ಮ ಊರಲ್ಲಿ ಎಷ್ಟು ಕಡೆ ನೋಡಿದ್ದೇನೆ ಲೆಕ್ಕ ಇಲ್ಲ. ಅಲ್ಯುಮಿನಿಯಂ ಮೇಲೆ ಗಾಳಿಗೆ ಕೂಡ್ಲೇ ಒಂದು ಪೊರೆ ಬರ್ತದೆ, ಕಣ್ಣಿಗೆ ಕಾಣುದಿಲ್ಲ, ಅದರಲ್ಲಿ ಕರೆಂಟು ಹೋಗುದಿಲ್ಲ. ಅದರ ಮೇಲೆ ಕಡಲ ಬದಿಯ ಉಪ್ಪು ಗಾಳಿ, ಮಳೆ, ಎರಡು ಬೇರೆ ಬೇರೆ ಲೋಹ ಒದ್ದೆಯಲ್ಲಿ ತಾಗಿದ್ರೆ ಬ್ಯಾಟ್ರಿ ಹಾಗೆ ಆಗಿ ಅಲ್ಯುಮಿನಿಯಂ ತಿಂದು ಹೋಗ್ತದೆ, ಬಿಳಿ ಹುಡಿ ಬೀಳ್ತದೆ. ಜಾಯಿಂಟಲ್ಲಿ ಅರ್ಧ ಓಮ್ ತಡೆ ಬಂದ್ರೆ ಸಾಕು, 10 ಆಂಪಿಯರ್ ಹೋಗುವಾಗ 50 ವಾಟ್ ಬಿಸಿ ಆ ಚಿಕ್ಕ ಜಾಗದಲ್ಲೇ, ಒಂದು ಸೋಲ್ಡರಿಂಗ್ ಐರನ್ ಅಲ್ಲಿ ಇಟ್ಟ ಹಾಗೆ. ಹೋದ ವರ್ಷ ಒಂದು ಮನೆಯಲ್ಲಿ ಮೀಟರಿನ ಹತ್ರ ಹೀಗೇ ಆಗಿ ಹಲಗೆ ಕರಟಿ ಹೋಗಿತ್ತು, ರಾತ್ರಿ ವಾಸನೆ ಬಂದು ಎದ್ದದ್ದಕ್ಕೆ ಬಚಾವ್. ಎರಡು ಲೋಹ ಸೇರಿಸುವ ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ಬೇರೆಯೇ ಬರ್ತದೆ, ಬೈಮೆಟಲ್ ಅಂತ ಕೇಳಿದ್ರೆ ಕೊಡ್ತಾರೆ, ಅದು ಹಾಕಿ ಕ್ರಿಂಪ್ ಮಾಡ್ಸಿ, ಅಂದ್ರೆ ಒತ್ತಿ ಗಟ್ಟಿ ಕೂರಿಸುದು.

ಇನ್ನೊಂದು ನೆನಪಾಯ್ತು. ಬಕೆಟಿಗೆ ಹಾಕುವ ಹೀಟರ್ ರಾಡ್ ಉಂಟಲ್ಲ, ಅದರೊಳಗೆ ನಿಕ್ರೋಮ್ ಸುರುಳಿ, ನಿಕಲ್ ಕ್ರೋಮಿಯಂ ಸೇರಿಸಿದ್ದು, ಮಾಷ್ಟ್ರು ಹೇಳಿದ ಸಾಲು ಕೆಡಿಸುವ ಕೆಲಸ ಬೇಕಂತಲೇ ಮಾಡಿದ್ದು ತಡೆ ಸಿಗ್ಲಿ ಅಂತ. ಹೊರಗೆ ಲೋಹದ ಕೊಳವೆ. ನಡುವೆ ಒತ್ತಿ ತುಂಬಿದ ಬಿಳಿ ಹುಡಿ, ಮೆಗ್ನೀಶಿಯಂ ಆಕ್ಸೈಡು. ಅದರಲ್ಲಿ ಬಿಸಿ ಹೋಗ್ತದೆ, ಕರೆಂಟು ಹೋಗುದಿಲ್ಲ! ವಜ್ರದ ವಿಷಯ ಓದುವಾಗ ಅದೇ ಜಾತಿಯದ್ದು ಇದು ಅಂತ ಹೊಳೆಯಿತು. ಆದ್ರೆ ಕೊಳವೆ ಒಡೆದು ಆ ಹುಡಿಗೆ ಪಸೆ ಹಿಡಿದ್ರೆ ಕರೆಂಟು ನೀರಿಗೆ ಬರ್ತದೆ. ರಾಡಿನ ಮೇಲೆ ಬಿರುಕೋ ಉಬ್ಬೋ ಕಂಡ್ರೆ ಯೋಚನೆ ಮಾಡದೆ ಬಿಸಾಡಿ. ಅದು ನೀರೊಳಗಿರುವಾಗ ಕೈ ಹಾಕಿ ಬಿಸಿ ನೋಡ್ಲಿಕ್ಕೆ ಹೋಗ್ಬೇಡಿ, ಮಕ್ಕಳಿರುವ ಮನೆ ಅಂತ ಹೇಳುದು.

ಪೆರಿಯದಲ್ಲಿ_ಓದುವವಳು

ಅಣ್ಣಾ, ಸರಿಯಾದ ಉದಾಹರಣೆ ಅದು, ಕ್ಲಾಸಲ್ಲಿ ಯಾರೂ ಹೇಳಿರಲಿಲ್ಲ.

ಕುಂಬಳೆ_ಮಾಷ್ಟ್ರು

ಮಗು ಕೈಯಲ್ಲೇ ಮಾಡಿ ನೋಡಲಿ. ತಾಮ್ರ, ಅಲ್ಯುಮಿನಿಯಂ, ಕಬ್ಬಿಣ, ಸ್ಟೀಲು, ಹೆಚ್ಚುಕಡಿಮೆ ಒಂದೇ ದಪ್ಪದ ಕಂಬಿಗಳು ಬೇಕು. ಪಾತ್ರೆಯಲ್ಲಿ ನೀರು ಕುದಿಯುತ್ತಾ ಇರಲಿ, ಮೇಲೆ ದಪ್ಪ ರಟ್ಟು ಮುಚ್ಚಿ, ಇಲ್ಲದಿದ್ರೆ ಆವಿಯೇ ಬಿಸಿ ಮಾಡಿಬಿಡ್ತದೆ. ರಟ್ಟಿಗೆ ತೂತು ಮಾಡಿ ಕಂಬಿ ಇಳಿಸಿ. ಇಳಿಸುವ ಮೊದಲೇ ರಟ್ಟಿನಿಂದ ಮೇಲೆ 5 ಸೆಂಟಿಮೀಟರಿಗೆ ಒಂದು, 10 ಸೆಂಟಿಮೀಟರಿಗೆ ಒಂದು ಕಾಳುಮೆಣಸು ಮೇಣದಿಂದ ಅಂಟಿಸಿರಬೇಕು. ತುಪ್ಪ ಬೇಡ, ನಮ್ಮ ಸೆಕೆಗೆ ಮೊದಲೇ ಕರಗ್ತದೆ. ಯಾವುದು ಯಾವಾಗ ಬಿತ್ತು ಅಂತ ಬರೆದಿಡಲಿ. ದೊಡ್ಡವರು ಹತ್ತಿರ ಇರಿ.

ಉಪ್ಪಳ_ವೈರಿಂಗ್

ಅಕ್ಕ, ಕಂಬಿ ನಾನು ಕೊಡ್ತೇನೆ, ನಾಳೆ ಬದಿಯಡ್ಕಕ್ಕೆ ಕೆಲಸಕ್ಕೆ ಬರುದುಂಟು. 4 ಸ್ಕ್ವಯರ್ ಸಿಂಗಲ್ ಎಳೆ ತಾಮ್ರ ಉಂಟು, ಅಷ್ಟೇ ದಪ್ಪದ ಅಲ್ಯುಮಿನಿಯಂ, ಕಟ್ಟುವ ಕಂಬಿ, ಸ್ಟೀಲ್ ಕಂಬಿ. ಮತ್ತೆ ಕರೆಂಟಿನ ಪೇಪರನ್ನೂ ಮಾಡಿಸುವ. ಮಲ್ಟಿಮೀಟರಲ್ಲಿ ಓಮ್ ಹಿಡಿದ್ರೆ ಇಷ್ಟು ಗಿಡ್ಡ ಕಂಬಿಗೆ ಸೊನ್ನೆಯೇ ತೋರಿಸುದು. ಅದಕ್ಕೆ ನಾಲ್ಕನ್ನೂ ಒಂದರ ಹಿಂದೆ ಒಂದು ಜೋಡಿಸಿ 12 ವೋಲ್ಟ್ ಬ್ಯಾಟ್ರಿ, ಬೈಕಿನ 35 ವಾಟಿನ ಹೆಡ್‌ಲೈಟ್ ಬಲ್ಬು. ಆಗ ಎಲ್ಲದರಲ್ಲೂ ಅದೇ ಕರೆಂಟು ಹೋಗ್ತದೆ, 3 ಆಂಪಿಯರಿನ ಹತ್ರ. ಒಂದೊಂದು ಕಂಬಿಯಲ್ಲೂ 10 ಸೆಂಟಿಮೀಟರ್ ಬಿಟ್ಟು ಎರಡು ಮೊನೆ ಒತ್ತಿ ಮಿಲಿವೋಲ್ಟ್ ನೋಡುದು. ಮನೆಯ ಲೈನ್ ಕರೆಂಟಲ್ಲಿ ಇದನ್ನು ಯಾರೂ ಮಾಡ್ಬೇಡಿ, ಬ್ಯಾಟ್ರಿ ಮಾತ್ರ.

ಬದಿಯಡ್ಕದವಳು

ಮಾಡಿದೆವು! ಉಪ್ಪಳದ ಅಣ್ಣ ಕೆಲಸ ಮುಗಿಸಿ ಬಂದು ಎರಡು ಗಂಟೆ ಕೂತ್ರು, ಕಾಫಿ ಕುಡಿದದ್ದು ಬಿಟ್ರೆ ಏನೂ ತಕ್ಕೊಳ್ಳಿಲ್ಲ. ಮಗಳು ಬರೆದಿಟ್ಟದ್ದನ್ನು ಹಾಗೇ ಹಾಕ್ತೇನೆ.

ಮೆಣಸು: 5 ಸೆಂಟಿಮೀಟರಲ್ಲಿ ತಾಮ್ರದ್ದು 20 ಸೆಕೆಂಡಿಗೆ ಬಿತ್ತು, ಅಲ್ಯುಮಿನಿಯಂದು 24ಕ್ಕೆ, ಕಬ್ಬಿಣದ್ದು 2 ನಿಮಿಷ 50 ಸೆಕೆಂಡ್. ಸ್ಟೀಲಿದ್ದು 15 ನಿಮಿಷ ಕಾದರೂ ಬೀಳ್ಲಿಲ್ಲ, ಅತ್ತೆ ಗ್ಯಾಸ್ ಮುಗಿತದೆ ಅಂದ್ರು, ನಿಲ್ಲಿಸಿದೆವು. 10 ಸೆಂಟಿಮೀಟರಲ್ಲಿ ತಾಮ್ರದ್ದು 1 ನಿಮಿಷ 35 ಸೆಕೆಂಡ್.

ಬ್ಯಾಟ್ರಿ: ತಾಮ್ರ 1.3 ಮಿಲಿವೋಲ್ಟ್, ಅಲ್ಯುಮಿನಿಯಂ 2.1, ಕಬ್ಬಿಣ 10.6, ಸ್ಟೀಲು 53.

ಅವಳಿಗೆ ಎರಡು ಸಂಶಯ. ಮಾರ್ಕಲ್ಲಿ ತಾಮ್ರ 100 ಅಲ್ಯುಮಿನಿಯಂ 59 ಅಂತ ಅಷ್ಟು ವ್ಯತ್ಯಾಸ ಇರುವಾಗ ಮೆಣಸು ಯಾಕೆ ಹೆಚ್ಚುಕಡಿಮೆ ಒಟ್ಟಿಗೇ ಬಿತ್ತು. ಮತ್ತೆ ದೂರ ಎರಡು ಪಟ್ಟಿಗೆ ಹೊತ್ತು ನಾಲ್ಕು ಪಟ್ಟು ಅಂದ್ರೆ 80 ಸೆಕೆಂಡ್ ಆಗ್ಬೇಕಿತ್ತು, 95 ಆಯ್ತಲ್ಲ ಅಂತ.

ಕುಂಬಳೆ_ಮಾಷ್ಟ್ರು

ಎರಡೂ ಸರಿಯಾದ ಜಾಗದಲ್ಲಿ ಕೈ ಇಟ್ಟ ಸಂಶಯ. ಮೆಣಸು ಬೀಳುವ ಹೊತ್ತು ಬಿಸಿ ಎಷ್ಟು ಹೋಗ್ತದೆ ಅನ್ನುದರ ಮೇಲೆ ಮಾತ್ರ ಇಲ್ಲ, ದಾರಿಯ ಲೋಹದ ಹೊಟ್ಟೆ ತುಂಬ್ಲಿಕ್ಕೆ ಎಷ್ಟು ಬೇಕು ಅನ್ನುದರ ಮೇಲೂ ಉಂಟು. ಒಂದೇ ಗಾತ್ರದ ಕಂಬಿಯಲ್ಲಿ ಅಲ್ಯುಮಿನಿಯಂನ ಹೊಟ್ಟೆ ತಾಮ್ರದ್ದರ ನೂರಕ್ಕೆ 70ರಷ್ಟು. ತರುವವರು ಕಡಿಮೆ, ತುಂಬಿಸಬೇಕಾದದ್ದೂ ಕಡಿಮೆ, ಹಾಗಾಗಿ ಹತ್ತಿರ ಹತ್ತಿರ ಬಂತು. ಬ್ಯಾಟ್ರಿಯ ಅಳತೆಯಲ್ಲಿ ಹೊಟ್ಟೆಯ ಪ್ರಶ್ನೆಯೇ ಇಲ್ಲ, ಅಲ್ಲಿ 1.3ಕ್ಕೆ 2.1, ಮಾರ್ಕಿನ ವ್ಯತ್ಯಾಸ ಸ್ಪಷ್ಟ ಕಂಡಿತು.

15 ಸೆಕೆಂಡ್ ಹೆಚ್ಚಾದದ್ದು ಗಾಳಿಗೆ. ಕಂಬಿ ಉದ್ದಕ್ಕೂ ಬಿಸಿಯನ್ನು ಗಾಳಿಗೆ ಬಿಟ್ಟುಕೊಂಡು ಹೋಗ್ತದೆ, ದೂರ ಹೋದಷ್ಟು ನಷ್ಟ ಜಾಸ್ತಿ. ಸ್ಟೀಲಲ್ಲಿ ಬರುದೇ ಸ್ವಲ್ಪ, ಅದೂ ದಾರಿಯಲ್ಲೇ ಹೋಯ್ತು, ಹಾಗಾಗಿ ಇನ್ನೊಂದು ಗಂಟೆ ಕಾದಿದ್ರೂ ಆ ಮೆಣಸು ಬೀಳುತ್ತಿರಲಿಲ್ಲ. ಅತ್ತೆಯವರು ಗ್ಯಾಸ್ ಉಳಿಸಿದ್ದು ಒಳ್ಳೇದೇ ಆಯ್ತು. ನಿಮ್ಮ ಬೆರಟಿ ಸೌಟಿನ ಹಿಡಿ ಮುಕ್ಕಾಲು ಗಂಟೆಯಾದ್ರೂ ತಣ್ಣಗಿದ್ದದ್ದು ಅದೇ ಕಾರಣಕ್ಕೆ.

53ನ್ನು 1.3ರಿಂದ ಭಾಗಿಸಿದ್ರೆ ಸುಮಾರು 41. ಪುಸ್ತಕದ ಲೆಕ್ಕದಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ತಡೆ ತಾಮ್ರದ ಸುಮಾರು 42 ಪಟ್ಟು. ಅಡಿಗೆಮನೆಯ ಮೇಜಲ್ಲಿ ಇಷ್ಟು ಸರಿ ಬಂತು ಅಂದ್ರೆ ನನಗೆ ಮಾತೇ ಬರುದಿಲ್ಲ.

ಇನ್ನು ಅತ್ತೆಯ ಸೌಟಿನ ಹಿತ್ತಾಳೆ ಬಾಕಿ. ಅಷ್ಟೇ ದಪ್ಪದ ಹಿತ್ತಾಳೆ ಕಂಬಿ ಸಿಕ್ಕಿದ್ರೆ ನಾಲ್ಕೂವರೆ ಮಿಲಿವೋಲ್ಟಿನ ಹತ್ರ ಬರ್ಬೇಕು. ಅಳೆಯುವ ಮೊದಲೇ ಹೇಳಿದ್ದೇನೆ, ಮಗು ನೋಡಿ ಹೇಳಲಿ.

ಉಪ್ಪಳ_ವೈರಿಂಗ್

ಗ್ಯಾಸ್ ವೆಲ್ಡಿಂಗಿನವರ ಹತ್ರ ಹಿತ್ತಾಳೆಯ ರಾಡ್ ಇರ್ತದೆ, ದಪ್ಪವೂ ಹತ್ತಿರ ಹತ್ತಿರ. ಶನಿವಾರ ತರ್ತೇನೆ.

ಬದಿಯಡ್ಕದವಳು

4.4 ಬಂತು ಮಾಷ್ಟ್ರೇ. ಮೂರು ಸಲ ಅಳೆದ್ಲು.